ಒಂದು ಪಹಣಿ, ಎರಡು ಪರದೆ

ಗುಬ್ಬಿಯ ಅಡಿಕೆ ಮಂಡಿಯೊಂದಕ್ಕೆ ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದೆ. ಹದಿನೈದು ವರ್ಷ ದಾಟಿತು. ಒಂದು ವಿಂಡೋದಲ್ಲಿ ದಿನದ ಕಿರ್ದಿ, ಇನ್ನೊಂದರಲ್ಲಿ ರೈತನ ಖಾತೆ. ಎರಡನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡು ಕೆಲಸ ಮಾಡಬಹುದು ಎಂಬುದನ್ನೇ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆ. ಒಂದು ಮಧ್ಯಾಹ್ನ ಎರಡು ಮೂಟೆ ಅಡಿಕೆ ತೂಕಕ್ಕೆ ಬಂತು, ಒಟ್ಟು 86 ಕೆ.ಜಿ. ಗುಮಾಸ್ತರು ಅವಸರದಲ್ಲಿ 68 ಎಂದು ಕುಟ್ಟಿದರು, ಕೂಡಲೇ ತಪ್ಪು ಕಂಡು ಕಿರ್ದಿಯಲ್ಲಿ 86 ಮಾಡಿದರು. ಅಷ್ಟರಲ್ಲಿ ಪಕ್ಕದ ಖಾತೆಯ ವಿಂಡೋ ತೆರೆದಾಗಿತ್ತು. ಅದರಲ್ಲಿ 68 ಹಾಗೇ ಕೂತಿತ್ತು. ಪಟ್ಟಿ ಪ್ರಿಂಟ್ ಆದದ್ದು ಅಲ್ಲಿಂದ. ಕ್ವಿಂಟಲ್‌ಗೆ 15,000 ರೂಪಾಯಿ ಹಿಡಿದರೆ 18 ಕೆ.ಜಿ.ಗೆ 2,700 ರೂಪಾಯಿ. ಬಸ್‌ಸ್ಟ್ಯಾಂಡ್‌ವರೆಗೆ ಹೋಗಿದ್ದ ರೈತ ಪಟ್ಟಿಯನ್ನೂ ತೂಕದ ಚೀಟಿಯನ್ನೂ ಹೊಂದಿಸಿ ನೋಡಿಕೊಂಡು ವಾಪಸ್ ಬಂದ.

"ಏನ್ ಸ್ವಾಮಿ, ನಿಮ್ ಕಂಪ್ಯೂಟ್ರಿಗೆ ಎರಡು ನಾಲಿಗೆ ಐತಾ?"

ಎರಡು ನಾಲಿಗೆ ಇದ್ದದ್ದು ನಿಜ. ರಾತ್ರಿ ಕೂತು ನೋಡಿದೆ. ಪ್ರತಿ ವಿಂಡೋ ತೆರೆದಾಗಲೂ ನನ್ನ ಪ್ರೋಗ್ರಾಂ ಫೈಲಿನಿಂದ ದಾಖಲೆಯ ಹೊಸ ಪ್ರತಿಯೊಂದನ್ನು ಓದಿ ತನ್ನ ಮಡಿಲಲ್ಲಿ ಇಟ್ಟುಕೊಳ್ಳುತ್ತಿತ್ತು. ಹೀಗಾಗಿ ಒಂದೇ ವ್ಯವಹಾರಕ್ಕೆ ಎರಡು ನೆನಪು. ಇನ್ನೂ ಕೆಟ್ಟದ್ದೆಂದರೆ, ಪಟ್ಟಿ ಕೊಟ್ಟಮೇಲೆ ಗುಮಾಸ್ತರು ಖಾತೆಯ ವಿಂಡೋದಲ್ಲಿ ಸೇವ್ ಒತ್ತಿದ್ದರು. ಅದು ತನ್ನ ಹಳೆಯ 68ನ್ನು ತಂದು ಸರಿಯಾಗಿದ್ದ 86ರ ಮೇಲೆ ಬರೆದಿತ್ತು. ತಿದ್ದಿದ್ದೂ ಅಳಿಸಿಹೋಗಿತ್ತು, ತಿದ್ದಿದ್ದರು ಎಂಬುದಕ್ಕೆ ಗುರುತೂ ಉಳಿದಿರಲಿಲ್ಲ.

ಇದಕ್ಕೆ ಮದ್ದು ನನ್ನ ಕೈಯಲ್ಲೇ ಇತ್ತು, ನಾನೇ ಅಸಡ್ಡೆ ಮಾಡಿದ್ದೆ. ಮೈಕ್ರೋಸಾಫ್ಟ್‌ನ ಎಂಎಫ್‌ಸಿ ಎಂಬ ಸಾಮಗ್ರಿಯಲ್ಲಿ 1993ರಿಂದಲೂ ಡಾಕ್ಯುಮೆಂಟ್-ವ್ಯೂ ಎಂಬ ಕಟ್ಟಡದ ನಕ್ಷೆ ಇದೆ. ವಿಷುಯಲ್ ಸಿ++ನಲ್ಲಿ ಹೊಸ ಎಂಎಫ್‌ಸಿ ಪ್ರಾಜೆಕ್ಟ್ ತೆರೆದರೆ ಅದರ ಅಸ್ಥಿಪಂಜರ ತಾನಾಗಿಯೇ ಎದ್ದು ನಿಲ್ಲುತ್ತದೆ. ಡಾಕ್ಯುಮೆಂಟ್ ವರ್ಗದಲ್ಲಿ ವಿಷಯ ಇರಬೇಕು, ವ್ಯೂ ವರ್ಗ ಅದನ್ನು ತೋರಿಸಬೇಕು. ಮಾಹಿತಿಯನ್ನು ವ್ಯೂ ಒಳಗೇ ಇಟ್ಟುಕೊಂಡರೆ ನಾಲ್ಕು ಸಾಲು ಕಡಿಮೆ ಬರೆಯಬಹುದು ಎಂದು ನಾನು ಅಲ್ಲೇ ಇಟ್ಟುಕೊಂಡಿದ್ದೆ. ಒಂದೇ ವಿಂಡೋ ಇರುವ ತನಕ ಈ ಕಳ್ಳದಾರಿ ಸಲೀಸು. ಎರಡನೆಯ ವಿಂಡೋ ತೆರೆದ ದಿನ ಸಾಲ ವಸೂಲಿಗೆ ಬರುತ್ತದೆ.

ಡಾಕ್ಯುಮೆಂಟಿಗೆ ಕಡತ ಎನ್ನೋಣ. ಹಿಂದೆ ಕಡತವೆಂದರೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಗಟ್ಟಿ ಮಾಡಿದ ಬಟ್ಟೆಯ ಮಡಿಕೆ ಪುಸ್ತಕ. ಬಳಪದಲ್ಲಿ ಬರೆಯುವುದು, ಬೇಡವಾದರೆ ಅಳಿಸಿ ಅಲ್ಲೇ ತಿದ್ದುವುದು. ತಿದ್ದಿದರೆ ಮೂಲವೇ ಬದಲಾಗುತ್ತದೆ ಎಂಬ ಆ ಗುಣಕ್ಕಾಗಿ ನನಗೆ ಈ ಪದ ಇಷ್ಟ. ವ್ಯೂಗೆ ನೋಟ ಎನ್ನೋಣ. ನೋಟಕ್ಕೆ ಸ್ವಂತ ನೆನಪಿಲ್ಲ. ಬರೆಯಬೇಕಾದಾಗಲೆಲ್ಲ ಕಡತವನ್ನು ಕೇಳಿ ಬರೆಯುತ್ತದೆ. ಬಳಕೆದಾರ ನೋಟದಲ್ಲಿ ಏನಾದರೂ ತಿದ್ದಿದರೆ ಅದನ್ನು ನೇರ ಕಡತಕ್ಕೆ ಒಪ್ಪಿಸುತ್ತದೆ. ಕಡತ ತನ್ನ ಎಲ್ಲ ನೋಟಗಳಿಗೂ ಡಂಗುರ ಹೊಡೆಸುತ್ತದೆ. ಎಂಎಫ್‌ಸಿಯಲ್ಲಿ ಆ ಡಂಗುರದ ಹೆಸರು ಅಪ್‌ಡೇಟ್ ಆಲ್ ವ್ಯೂಸ್. ತಿದ್ದಿದವನು ಯಾರು, ಏನು ಬದಲಾಯಿತು ಎಂಬ ಸುಳಿವನ್ನೂ ಜೊತೆಗೆ ಕಳಿಸಬಹುದು. ಒಂದು ಸಾಲಿನ ತೂಕ ಬದಲಾದರೆ ಇಡೀ ಪರದೆ ಮತ್ತೆ ಬರೆಯಬೇಕಿಲ್ಲ, ಆ ಸಾಲನ್ನಷ್ಟೇ ಬರೆದರಾಯಿತು.

ವಿಚಾರ ಮೈಕ್ರೋಸಾಫ್ಟ್‌ನದಲ್ಲ. ನಾರ್ವೆಯ ಟ್ರಿಗ್ವೆ ರೀನ್‌ಸ್ಕಾಗ್ 1978-79ರಲ್ಲಿ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಕೇಂದ್ರದಲ್ಲಿದ್ದಾಗ ಮಾಡೆಲ್-ವ್ಯೂ-ಕಂಟ್ರೋಲರ್ ಎಂಬ ವಿಂಗಡಣೆ ಮಾಡಿದರು. ಕಡತ ಬೇರೆ, ನೋಟ ಬೇರೆ ಎಂಬುದನ್ನು ನಮ್ಮ ವ್ಯಾಪಾರಿಗಳೂ ಬಲ್ಲವರೇ. ದಿನದ ವ್ಯವಹಾರ ನಡೆದ ಕ್ರಮದಲ್ಲೇ ಕಿರ್ದಿಗೆ ಏರುತ್ತದೆ. ಆಮೇಲೆ ಕೂತು ಅದನ್ನು ಆಸಾಮಿವಾರು ಖತಾವಣಿಗೆ ಖತಾಯಿಸುತ್ತಾರೆ. ಕಿರ್ದಿಯ ಸಾಲಿನ ಪಕ್ಕ ಖಾತೆಪುಟದ ಸಂಖ್ಯೆ ಬೀಳುತ್ತದೆ. ಎರಡರಲ್ಲಿ ತಕರಾರು ಬಂದರೆ ಯಾವುದು ಗೆಲ್ಲಬೇಕು ಎಂದು ಯಾವ ಶೆಟ್ಟರನ್ನೂ ಕೇಳಬೇಕಿಲ್ಲ, ಕಿರ್ದಿಯೇ. ಖತಾವಣಿ ಅದರ ನೋಟ, ಕೈಯಲ್ಲಿ ಬರೆದ ನೋಟ ಅಷ್ಟೆ. ಈ ಮಂಡಿಯಲ್ಲಿ ಮೂರು ತಲೆಮಾರಿನಿಂದ ಗೊತ್ತಿದ್ದದ್ದನ್ನು ಕಂಪ್ಯೂಟರ್ ತಂದ ನಾನು ಕೆಡಿಸಿದ್ದೆ.

ಹೇಳಿದಷ್ಟು ಸುಲಭವಲ್ಲ, ಒಪ್ಪುತ್ತೇನೆ. ಡಂಗುರವೇ ಪ್ರತಿಧ್ವನಿಯಾಗಿ ತಿರುಗಿ ಬರುವುದುಂಟು. ಕಡತ ಬದಲಾಯಿತೆಂದು ಕೇಳಿದ ನೋಟ ತನ್ನ ಟೆಕ್ಸ್ಟ್ ಪೆಟ್ಟಿಗೆಯೊಳಗೆ 86 ಎಂದು ಬರೆಯುತ್ತದೆ. ಪೆಟ್ಟಿಗೆ "ನನ್ನಲ್ಲಿ ಯಾರೋ ಬರೆದರು" ಎಂದು ಕೂಗುತ್ತದೆ. ನೋಟ ಅದನ್ನು ಬಳಕೆದಾರನ ಕೈ ಎಂದು ನಂಬಿ ಕಡತಕ್ಕೆ ವರದಿ ಮಾಡುತ್ತದೆ, ಕಡತ ಮತ್ತೆ ಡಂಗುರ. ಪರದೆ ಹಾಗೇ ಹೆಪ್ಪುಗಟ್ಟಿ ನಿಲ್ಲುತ್ತದೆ. "ಈಗ ಬರೆಯುತ್ತಿರುವುದು ನಾನೇ" ಎಂದು ನೋಟವೊಂದು ಗುರುತು ಹಾಕಿಕೊಂಡರೆ ಸರಿಹೋಗುತ್ತದೆ. ಇಂಥ ಗುರುತೊಂದನ್ನು ಮರೆತು ಒಂದು ಇಡೀ ಭಾನುವಾರ ಕಳೆದುಕೊಳ್ಳದ ಡೆಸ್ಕ್‌ಟಾಪ್ ಪ್ರೋಗ್ರಾಮರ್‌ನನ್ನು ನಾನು ಕಂಡಿಲ್ಲ.

ಯಾವುದು ಕಡತದ್ದು, ಯಾವುದು ನೋಟದ್ದು ಎಂಬ ಪಾಲುಪಟ್ಟಿಯಲ್ಲೂ ಜಗಳ ಇದೆ. ಪರದೆ ಎಲ್ಲಿಯವರೆಗೆ ಸರಿದಿದೆ, ಯಾವ ಸಾಲು ಆಯ್ಕೆಯಾಗಿದೆ, ಅಕ್ಷರ ಎಷ್ಟು ದೊಡ್ಡದಾಗಿ ಕಾಣುತ್ತಿದೆ ಎಂಬವು ನೋಟದ ಸ್ವಂತ ಆಸ್ತಿ. ಕಿರ್ದಿಯಲ್ಲಿ ನಾನು ಕೆಳಗೆ ಸರಿದರೆ ಖಾತೆಯೂ ಸರಿಯಬಾರದು. ಹಾಗಾದರೆ ಅನ್‌ಡೂ? ಖಾತೆಯ ವಿಂಡೋದಲ್ಲಿ ಕಂಟ್ರೋಲ್-ಝಡ್ ಒತ್ತಿದರೆ ಕಿರ್ದಿಯ ವಿಂಡೋದಲ್ಲಿ ಮಾಡಿದ ತಿದ್ದುಪಡಿ ಹಿಂದೆ ಸರಿಯಬೇಕೆ? ನೋಟಕ್ಕೊಂದು ಅನ್‌ಡೂ ಕೊಟ್ಟವರಿದ್ದಾರೆ. ನನಗದು ತಪ್ಪೆನಿಸುತ್ತದೆ. ಬದಲಾದದ್ದು ಕಡತ, ಆದದ್ದನ್ನು ಆದ ಕ್ರಮದಲ್ಲಿ ಹಿಂದಕ್ಕೆ ಬಿಚ್ಚಬಲ್ಲದ್ದೂ ಅದೊಂದೇ. ಏನು ವಾಪಸ್ ಆಯಿತು ಎಂದು ಕಣ್ಣಿಗೆ ಕಾಣುವಂತೆ ತೋರಿಸುವ ಸೌಜನ್ಯ ಮಾತ್ರ ನೋಟದ್ದು. ವರ್ಡ್‌ನಲ್ಲಿ ವ್ಯೂ ಮೆನುವಿನ ನ್ಯೂ ವಿಂಡೋ ಒತ್ತಿ ನೋಡಿ: ಒಂದೇ ಬರಹ ಎರಡು ಕಿಟಕಿಯಲ್ಲಿ ತೆರೆಯುತ್ತದೆ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಆಗಲೇ ಮೂಡುತ್ತದೆ. ಒಂದು ಕಿಟಕಿ ಮುಚ್ಚಿದರೆ ಸೇವ್ ಮಾಡಬೇಕೆ ಎಂದು ಅದು ಕೇಳುವುದಿಲ್ಲ. ಕೇಳುವುದು ಕೊನೆಯ ಕಿಟಕಿ ಮುಚ್ಚುವಾಗ. ಅಂಗಡಿಗೆ ನಾಲ್ಕು ಬಾಗಿಲಿದ್ದರೆ ಗಲ್ಲಾಪೆಟ್ಟಿಗೆ ಎಣಿಸುವುದು ಕೊನೆಯ ಬಾಗಿಲು ಹಾಕುವಾಗ ತಾನೆ.

ನೆನಪಿರುವ ನೋಟದಿಂದ ಆಗುವ ಫಜೀತಿಯನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾದರೆ ಕುರುಕ್ಷೇತ್ರ ನಾಟಕ ಸಾಕು. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಗುಬ್ಬಿಯ ಸೀಮೆ ಇದು. ಗುಬ್ಬಿ ವೀರಣ್ಣನವರ ಹೆಸರಿನ ರಂಗಮಂದಿರ ತುಮಕೂರಿನ ನಡುವೆಯೇ ಇದೆ. ಹಳ್ಳಿಯ ನಾಟಕದಲ್ಲಿ ಪೂರ್ತಿ ಪುಸ್ತಕ ಇರುವುದು ಹಾರ್ಮೋನಿಯಂ ಮೇಷ್ಟ್ರ ಹತ್ತಿರ. ಪಾತ್ರಧಾರಿಗೆ ಸಿಗುವುದು ಅವನ ಪಾರ್ಟು ಮಾತ್ರ, ನೋಟ್‌ಬುಕ್ಕಿನಲ್ಲಿ ನಕಲು ಮಾಡಿಕೊಂಡದ್ದು. ತಾಲೀಮು ನಡೆಯುವಾಗ ಮೇಷ್ಟ್ರು ಒಂದು ಮಾತು ಕತ್ತರಿಸುತ್ತಾರೆ, ಒಂದು ಕಂದ ಸೇರಿಸುತ್ತಾರೆ. ಅಂದು ತಾಲೀಮಿಗೆ ಬಾರದ ದುರ್ಯೋಧನ ಹಳೆಯ ಪಾರ್ಟನ್ನೇ ಉರು ಹೊಡೆದಿರುತ್ತಾನೆ. ರಂಗದ ಮೇಲೆ ಕೃಷ್ಣ ಕೇಳದ ಪ್ರಶ್ನೆಗೆ ಗದೆ ಎತ್ತಿ ಉತ್ತರ ಕೊಡುತ್ತಾನೆ. ಅಂಥದೊಂದು ರಾತ್ರಿ ಮುಂದಿನ ಸಾಲಿನಲ್ಲಿ ಕೂತು ನಾನು ನಕ್ಕದ್ದುಂಟು. ಅದೇ ವರ್ಷ ಮಂಡಿಯವರು ನನ್ನ ತಂತ್ರಾಂಶ ನೋಡಿ ನಗಲಿಲ್ಲ.

ಆ ನಾಟಕದ ಕರಪತ್ರ ಅಚ್ಚಾಗುವ ತುಮಕೂರಿನ ಡಿಟಿಪಿ ಅಂಗಡಿಗಳಲ್ಲಿ ಇದೇ ತಪ್ಪು ಇನ್ನೊಂದು ವೇಷದಲ್ಲಿ ಕೂತಿದೆ. ನುಡಿ, ಬರಹದಂಥ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಫೈಲಿನೊಳಗೆ ಕೂತದ್ದು ಅಕ್ಷರವಲ್ಲ, ಅಕ್ಷರದ ಚೂರುಗಳು. ಕ ಎಂದು ಬರೆದರೆ ಕ-ದ ದೇಹಕ್ಕೊಂದು ಸಂಖ್ಯೆ, ತಲಕಟ್ಟಿಗೆ ಬೇರೆ ಸಂಖ್ಯೆ. ಕರ್ನಾಟಕ ಎಂದು ಬರೆದರೆ ಅರ್ಕಾವೊತ್ತು ಕೂರುವುದು ನಾ ಆದಮೇಲೆ, ಕಣ್ಣಿಗೆ ಕಾಣುವ ಜಾಗದಲ್ಲಿ. ಯುನಿಕೋಡ್‌ನಲ್ಲಿ ಹಾಗಲ್ಲ: ಕ, ರ, ವಿರಾಮ, ನ, ಆ-ಕಾರ, ಟ, ಕ ಎಂದು ಬಾಯಿ ನುಡಿಯುವ ಕ್ರಮದಲ್ಲಿ ಏಳು ಸಂಖ್ಯೆಗಳು. ರ-ವನ್ನು ನಾ-ದ ಹೆಗಲ ಮೇಲೆ ಕೂರಿಸಬೇಕೋ ಹಿಂದೆ ನಿಲ್ಲಿಸಬೇಕೋ ಎಂಬುದು ತೋರಿಸುವವರ ತಲೆನೋವು. ಅಂದರೆ ಹಳೆಯ ವಿಧಾನ ನೋಟವನ್ನೇ ಕಡತ ಮಾಡಿ ಇಟ್ಟಿತ್ತು. ಪರಿಣಾಮವನ್ನು ಪ್ರತಿ ಡಿಟಿಪಿ ಆಪರೇಟರ್ ಬಲ್ಲ: ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆಯ ಮೇಲೆ ಟೋಪಿ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಿದರೆ ಜೋಡಣೆ ಆಗುವುದಿಲ್ಲ. ಅಂದು ಯಂತ್ರಗಳ ಶಕ್ತಿ ಅಷ್ಟೇ ಇತ್ತು, ಬೈದು ಪ್ರಯೋಜನವಿಲ್ಲ. ಆದರೆ ಯುನಿಕೋಡ್‌ನಲ್ಲಿ 1991ರಿಂದಲೂ ಕನ್ನಡಕ್ಕೆ 128 ಮನೆಗಳ ಸ್ವಂತ ಓಣಿ ಇದೆ, ಯಂತ್ರಗಳೂ ಎಂದೋ ಬಲಿತವು. ಇಂದಿಗೂ ಆಮಂತ್ರಣ ಪತ್ರಿಕೆಯ ಫೈಲು ಚೂರುಗಳಲ್ಲೇ ಓಡಾಡುವುದಕ್ಕೆ ಅಭ್ಯಾಸವೂ ಒಂದು ಕಾರಣ. ಅಲ್ಲಿನ ಫೈಲುಗಳ ಹೆಸರೋ: ಫೈನಲ್, ಫೈನಲ್ 2, ಲಾಸ್ಟ್ ಫೈನಲ್. ಯಾವುದು ಕಡತ ಎಂದು ಅಂಗಡಿಯವರನ್ನು ಕೇಳಬೇಡಿ.

ಕಡತ ಒಂದೇ ಇರಬೇಕೆಂಬ ಈ ವಿಚಾರವನ್ನು ಕರ್ನಾಟಕದಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಿದ್ದು ಭೂದಾಖಲೆಗಳ ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಯಾರ ಪುಸ್ತಕದಲ್ಲಿ ಏನಿದೆ ಎಂದು ಅವರಿಗೇ ಗೊತ್ತಿತ್ತು. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುತುವರ್ಜಿಯಲ್ಲಿ, ಎನ್‌ಐಸಿ ಬರೆದ ತಂತ್ರಾಂಶದಲ್ಲಿ, ಶತಮಾನ ತಿರುಗುವ ಹೊತ್ತಿಗೆ ಅವೆಲ್ಲ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಏರಿದವು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಸರ್ಕಾರ ಸಾರಿದ್ದೇ ಇಡೀ ಯೋಜನೆಯ ಕೀಲು. ಎರಡು ಕಡತ ಜೊತೆಗೆ ನಡೆಯಲು ಬಿಟ್ಟಿದ್ದರೆ ಕಂಪ್ಯೂಟರಿನದು ಬರೀ ಅಲಂಕಾರವಾಗುತ್ತಿತ್ತು. ಪಹಣಿಯ ಒಂಬತ್ತನೆಯ ಕಾಲಂನಲ್ಲಿ ಮಾಲೀಕ, ಹನ್ನೊಂದರಲ್ಲಿ ಸಾಲ ಮತ್ತು ಹಕ್ಕುಗಳು, ಹನ್ನೆರಡರಲ್ಲಿ ಬೆಳೆ. ಯಾವ ದಾರಿಯಲ್ಲಿ ಹುಡುಕಿ ತೆಗೆದರೂ ಕೆಳಗಿರುವ ದಾಖಲೆ ಒಂದೇ. ಬದಲಾವಣೆ ಆಗಬೇಕಾದರೆ ಮ್ಯುಟೇಶನ್ ರಿಜಿಸ್ಟರ್ ಮೂಲಕವೇ ಆಗಬೇಕು, ಎಂಆರ್ ನಂಬರ್ ಇಲ್ಲದೆ ಹೆಸರು ಬದಲಾಗದು. ನನ್ನ ಮಂಡಿ ತಂತ್ರಾಂಶದಲ್ಲಿ ಇಲ್ಲದೇ ಹೋದದ್ದು ಈ ಎಂಆರ್ ನಂಬರೇ: ಯಾರು, ಯಾವಾಗ, ಏನನ್ನು ಏನು ಮಾಡಿದರು ಎಂಬ ಜಾಡು.

ಇಲ್ಲಿಯವರೆಗೆ ನಾನು ಒಂದೇ ಕಡತದ ಭಕ್ತನಂತೆ ಮಾತಾಡಿದೆ. ಎದುರು ವಾದ ಗಟ್ಟಿಯಾಗಿದೆ, ಅದನ್ನು ಮೊದಲು ನನಗೆ ಹೇಳಿದ್ದು ನನ್ನ ಸೋದರಮಾವ. ಕುಣಿಗಲ್ ಕೆರೆಯ ಅಚ್ಚುಕಟ್ಟಿನಲ್ಲಿ ಅವರ ಜಮೀನು. ಪಹಣಿಯಲ್ಲಿ 2 ಎಕರೆ 10 ಗುಂಟೆ, ಸರ್ವೆ ಇಲಾಖೆಯ ಆಕಾರ್‌ಬಂದ್‌ನಲ್ಲಿ 2 ಎಕರೆ 4 ಗುಂಟೆ. ಪಹಣಿ, ಆಕಾರ್‌ಬಂದ್ ತಾಳೆಯಾಗದ ಜಮೀನು ನಾಡಿನಲ್ಲಿ ಎಷ್ಟೋ. "ನೋಡಿ ಮಾವ, ಒಂದೇ ಸಂಗತಿಯನ್ನು ಎರಡು ಕಡೆ ಬರೆದಿಟ್ಟರೆ ಹೀಗೇ ಆಗೋದು" ಎಂದು ನಾನು ಪ್ರೋಗ್ರಾಮರ್ ಠೀವಿಯಲ್ಲಿ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಾ ಅಂದರು: "ಒಂದೇ ಕಡೆ ಬರೆದಿದ್ರೆ ಆ ಆರು ಗುಂಟೆ ವಿಷಯ ನಂಗೆ ಗೊತ್ತೇ ಆಗ್ತಿರಲಿಲ್ವಲ್ಲೋ ಮರಿ."

ಮಂಡಿಯಲ್ಲಿಯೂ ಹಾಗೇ ಅಲ್ಲವೆ? ನನ್ನ ಎರಡೂ ವಿಂಡೋ ಒಗ್ಗಟ್ಟಾಗಿ 68 ಎಂದೇ ತೋರಿಸಿದ್ದರೆ? ಗುಮಾಸ್ತರು ಮೊದಲ ತಪ್ಪನ್ನು ಗಮನಿಸದೇ ಹೋಗಿದ್ದರೆ ನಾನು ಹೊಗಳುವ ಆದರ್ಶ ವಿನ್ಯಾಸ ಒಂದೇ ಸುಳ್ಳನ್ನು ನಾಲ್ಕು ಕಿಟಕಿಯಲ್ಲಿ ಅಂದವಾಗಿ ತೋರಿಸುತ್ತಿತ್ತು. ಭೂಮಿಯಲ್ಲಿಯೂ ದಾಖಲಿಸುವಾಗಿನ ತಪ್ಪು ತಿದ್ದಿಸಲು ರೈತರು ಅಲೆದದ್ದುಂಟು. ಎಲ್ಲ ಕಡೆ ಒಂದೇ ರೀತಿ ತಪ್ಪಾಗಿರುವ ಹೆಸರಿನ ಮುಂದೆ ನಿಜವಾದ ಮನುಷ್ಯನೇ ಸುಳ್ಳಾಗುತ್ತಾನೆ.

ಅಂದು ರೈತನ ಕೈಹಿಡಿದದ್ದು ತೂಕದ ಚೀಟಿ. ಅದು ನನ್ನ ಕಡತದ ನೋಟವಲ್ಲ. ತಕ್ಕಡಿಯಲ್ಲಿ ಹುಟ್ಟಿದ್ದು, ಗುಮಾಸ್ತರ ಕೀಲಿಮಣೆಯನ್ನು ಮುಟ್ಟಿ ಬಂದದ್ದಲ್ಲ. ಅದು ಸಾಕ್ಷಿ. ಆಕಾರ್‌ಬಂದ್ ಕೂಡ ಸಾಕ್ಷಿಯೇ: ಸರ್ವೆಯವರು ಸರಪಳಿ ಎಳೆದು ಅಳೆದದ್ದು, ಕಂದಾಯದವರು ಹಕ್ಕು ಕೇಳಿ ಬರೆದದ್ದಲ್ಲ. ಎರಡರ ನಡುವಿನ ವ್ಯತ್ಯಾಸವನ್ನು ಒಂದು ಗುಂಡಿ ಒತ್ತಿ ಒಂದರ ಮೇಲೊಂದು ಬರೆದು ಅಳಿಸಿಬಿಟ್ಟರೆ ಸಾಕ್ಷಿಯ ಬಾಯಿ ಮುಚ್ಚಿಸಿದ ಹಾಗೆ. ಸ್ಥಳಕ್ಕೆ ಹೋಗಿ ಅಳೆದೇ ತೀರ್ಮಾನಿಸಬೇಕು. ನನ್ನ ಖಾತೆಯ ವಿಂಡೋದ ಅಪರಾಧ ಇಂಥದ್ದಲ್ಲ. ಅದು ಬೇರೆ ಎಲ್ಲೂ ಹುಟ್ಟಿದ್ದಲ್ಲ, ಕಿರ್ದಿಯ ನಕಲು. ನೋಟವಾಗಿರಬೇಕಿತ್ತು, ಗುಟ್ಟಾಗಿ ನೆನಪಿಟ್ಟುಕೊಂಡಿತು, ಆಮೇಲೆ ಸಾಕ್ಷಿಯ ಹಾಗೆ ಪಟ್ಟಿಯ ಮೇಲೆ ಮಾತಾಡಿತು. ವಿಂಡೋ ಒಂದನ್ನು ಬರೆಯುವ ಮುಂಚೆ ಇದು ನೋಟವೋ ಸಾಕ್ಷಿಯೋ ಎಂದು ಈಗ ನಾನು ಕೇಳಿಕೊಳ್ಳುತ್ತೇನೆ. ನೋಟವಾದರೆ ನೆನಪು ಕಿತ್ತುಕೊಳ್ಳುತ್ತೇನೆ. ಸಾಕ್ಷಿಯಾದರೆ ಅದಕ್ಕೆ ಬೇರೆಯೇ ಕಡತ, ಅಲ್ಲಿಗೆ ಈ ಕಡತದ ಡಂಗುರ ತಲುಪುವುದಿಲ್ಲ.

ಇದೆಲ್ಲ ಹಳೆಯ ಕಾಲದ ಡೆಸ್ಕ್‌ಟಾಪ್ ಗೋಳು, ಈಗ ಎಲ್ಲವೂ ಬ್ರೌಸರಿನಲ್ಲಿ ಎನ್ನುವವರಿಗೆ ಒಂದೇ ಮಾತು: ಒಂದೇ ಅರ್ಜಿಯನ್ನು ಎರಡು ಟ್ಯಾಬಿನಲ್ಲಿ ತೆರೆದು, ಒಂದರಲ್ಲಿ ತಿದ್ದಿ, ಇನ್ನೊಂದರಲ್ಲಿ ಸಬ್ಮಿಟ್ ಒತ್ತಿ ನೋಡಿ. ಸಣ್ಣ ಪ್ರೋಗ್ರಾಂಗೆ ಇಷ್ಟೆಲ್ಲ ಯಾಕೆ ಎನ್ನುವವರ ಮಾತನ್ನು ಅರ್ಧ ಒಪ್ಪುತ್ತೇನೆ. ಒಂದೇ ವಿಂಡೋದ ಬಡ್ಡಿ ಲೆಕ್ಕದ ಯಂತ್ರಕ್ಕೂ ಡಾಕ್ಯುಮೆಂಟ್, ವ್ಯೂ, ಫ್ರೇಮ್, ಟೆಂಪ್ಲೇಟ್ ಎಂದು ನಾಲ್ಕು ಕಂಬ ನೆಡಿಸುತ್ತಿದ್ದ ಆ ಎಂಎಫ್‌ಸಿ ವಿಝಾರ್ಡ್ ಮದುವೆಯಿಲ್ಲದೆ ಚಪ್ಪರ ಹಾಕಿದ ಹಾಗಿತ್ತು.

ಭೂಮಿಯ ಒಂದು ಸಣ್ಣ ಏರ್ಪಾಡು ನನಗೆ ಅದರ ಎಲ್ಲ ಅಂಕಿಸಂಖ್ಯೆಗಿಂತ ಹಿಡಿಸಿತು. ಕೌಂಟರಿನಲ್ಲಿ ಎರಡು ಪರದೆ ಇಟ್ಟಿದ್ದರು. ಒಂದು ಕೆಲಸ ಮಾಡುವವರ ಕಡೆ, ಇನ್ನೊಂದು ರೈತನ ಕಡೆ ಮುಖ ಮಾಡಿ. ಒಳಗೆ ಕುಟ್ಟಿದ್ದು ಹೊರಗೆ ನಿಂತವನಿಗೂ ಅದೇ ಹೊತ್ತಿಗೆ ಕಾಣುತ್ತದೆ. ಎರಡನೆಯದಕ್ಕೆ ಕೀಲಿಮಣೆ ಇಲ್ಲ, ಸೇವ್ ಗುಂಡಿ ಇಲ್ಲ, ನೆನಪಿಲ್ಲ. ಶುದ್ಧ ನೋಟ. ಅದರ ಮುಂದೆ ನಿಂತಿರುವ ಮನುಷ್ಯ ಮಾತ್ರ ಸಾಕ್ಷಿ. ಅವನ ಅಪ್ಪನ ಹೆಸರು ಅವನಿಗೆ ಗೊತ್ತು.

ಮಂಡಿಯ ತಂತ್ರಾಂಶವನ್ನು ಬುಡದಿಂದ ಮತ್ತೆ ಬರೆದಾಗ ಅದನ್ನೇ ಕದ್ದೆ. ತುಮಕೂರಿನಿಂದ ಹಳೆಯ ಹದಿನೈದು ಇಂಚಿನ ಮಾನಿಟರ್ ಒಂದನ್ನು ತಂದು ಗಲ್ಲೆಯ ಮೇಲೆ ಹೊರಮುಖವಾಗಿ ಇಟ್ಟೆವು. ಕಡತಕ್ಕೆ ಇನ್ನೊಂದು ನೋಟ ಸೇರಿಸಲು ನಲವತ್ತೋ ಐವತ್ತೋ ಸಾಲು ಸಾಕಾಯಿತು, ಕಿರ್ದಿ, ಖಾತೆಯ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ. ಅದರಲ್ಲಿ ಕಾಣುವುದು ಮೂರೇ: ಹೆಸರು, ಮೂಟೆ, ತೂಕ, ಗೇಣುದ್ದದ ಅಂಕಿಯಲ್ಲಿ. ಗುಮಾಸ್ತರು ಎಂಟರ್ ಒತ್ತುವ ಮೊದಲೇ ಆಚೆಯಿಂದ "ಎಂಬತ್ತಾರು ಕಣಪ್ಪ, ಅರವತ್ತೆಂಟಲ್ಲ" ಎಂಬ ಮಾತು ಬಂದುಬಿಡುತ್ತದೆ. ಆ ಪರದೆಯ ಬಗ್ಗೆ ಇದುವರೆಗೆ ನನಗೆ ಬಂದ ದೂರು ಒಂದೇ, ಇಳಿಬಿಸಿಲು ಬಿದ್ದರೆ ಅಂಕಿ ಕಾಣುವುದಿಲ್ಲವೆಂದು. ಅದಕ್ಕೆ ಗುಮಾಸ್ತರೇ ಬಿಸ್ಕತ್ತಿನ ಪೆಟ್ಟಿಗೆಯ ರಟ್ಟು ಕತ್ತರಿಸಿ ಮೇಲೊಂದು ಮರೆ ಕಟ್ಟಿದ್ದಾರೆ.